ವೆಸಕ್ ಹುಣ್ಣಿಮೆಯ ಕೊಲಂಬೊ

ಮೇ 12, 2025, ಸೋಮವಾರ

ನಾವು ಬುದ್ಧ ಪೂರ್ಣಿಮೆ ಅನ್ನುವುದೇ ಇಲ್ಲಿ ವೆಸಕ್. ಇವತ್ತೂ ನಾಳೆಯೂ ರಜೆ. ಮಾಂಸದ ಅಂಗಡಿ, ಮದ್ಯದ ಅಂಗಡಿ ಎಲ್ಲ ಬಂದ್. ಬೆಳಿಗ್ಗೆಯಿಂದ ಬಿಳಿ ಬಟ್ಟೆ ಉಟ್ಟವರು ದೇವಸ್ಥಾನಗಳಲ್ಲಿ ವ್ರತ ಹಿಡಿದು ಕೂತಿದ್ದರು. ಸಂಜೆಯಾಗುತ್ತಿದ್ದಂತೆ ಇಡೀ ಊರೇ ಬೀದಿಗೆ ಬಂತು.

ನನಗೆ ತುಂಬಾ ಇಷ್ಟವಾಗಿದ್ದು ದನ್ಸಲ. ಅಂದರೆ ರಸ್ತೆ ಬದಿಯಲ್ಲಿ ಚಪ್ಪರ ಹಾಕಿ, ಬಂದವರಿಗೆಲ್ಲ ಪುಕ್ಕಟೆಯಾಗಿ ಊಟ ಹಾಕುವ ಜಾಗ. ರಾಮನವಮಿಗೆ ನಮ್ಮ ಬೀದಿಗಳಲ್ಲಿ ಪಾನಕ, ಕೋಸಂಬರಿ ಹಂಚುತ್ತಾರಲ್ಲ, ಹಾಗೆಯೇ. ಆದರೆ ಇಲ್ಲಿ ಅನ್ನ, ಬೇಳೆ ಸಾರಿನಿಂದ ಹಿಡಿದು ಐಸ್‌ಕ್ರೀಮ್‌ವರೆಗೂ ಇದೆ. ಮರದಾನದ ಹತ್ತಿರ ಒಬ್ಬ ಹುಡುಗ ಬೌದ್ಧ ಬಾವುಟ ಬೀಸುತ್ತಾ ರಸ್ತೆ ಮಧ್ಯೆಯೇ ನಿಂತಿದ್ದ. ಬಸ್ಸು ನಿಂತಿತು. ಕಿಟಕಿಗಳಿಂದ ಕೈಗಳು ಚಾಚಿದವು, ಕೆಳಗಿನಿಂದ ಪೊಟ್ಟಣಗಳು ಹೋದವು. ಹಿಂದಿನ ಗಾಡಿಯವರು ಯಾರೂ ಹಾರ್ನ್ ಹೊಡೆಯಲಿಲ್ಲ. ನನಗೆ ಸಿಕ್ಕಿದ್ದು ಬೇಯಿಸಿದ ಮರಗೆಣಸು. ಜೊತೆಗೆ ಒಣಮೆಣಸು, ಈರುಳ್ಳಿ, ಉಪ್ಪು ಹಾಕಿ ಅರೆದ ಚಟ್ನಿ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಸಲ ಹಾಕಿಸಿಕೊಂಡೆ. ನೀನು ಯಾರು, ಯಾವ ಧರ್ಮ ಅಂತ ಒಬ್ಬರೂ ಕೇಳಲಿಲ್ಲ.

ಅಲ್ಲಿಂದ ತೋರಣ ನೋಡಲು ಹೋದೆ. ಬಾಗಿಲಿಗೆ ಕಟ್ಟುವ ಮಾವಿನೆಲೆ ತೋರಣ ಅಲ್ಲ. ಕಟ್ಟಡದಷ್ಟು ಎತ್ತರದ ಚೌಕಟ್ಟು, ಮಧ್ಯದಲ್ಲಿ ಬುದ್ಧ, ಸುತ್ತಲೂ ಜಾತಕ ಕಥೆಯ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆಯ ಚಿತ್ರಗಳು. ಮೈಕಿನಲ್ಲಿ ಪದ್ಯವಾಗಿ ಕಥೆ ಹೇಳುತ್ತಾರೆ. ಕಥೆ ಎಲ್ಲಿಗೆ ಬಂತೋ ಆ ಚಿತ್ರಕ್ಕೆ ಬೆಳಕು ಬೀಳುತ್ತದೆ. ನಾನು ನೋಡಿದ್ದು ವೆಸ್ಸಂತರನ ಕಥೆ. ಬಿಳಿ ಆನೆ ಕೊಟ್ಟ, ರಾಜ್ಯ ಬಿಟ್ಟ, ಕೊನೆಗೆ ಹೆತ್ತ ಮಕ್ಕಳನ್ನೂ ಮುದುಕ ಬ್ರಾಹ್ಮಣನಿಗೆ ದಾನ ಕೊಟ್ಟ. ಈ ಕೊನೆಯದು ನನಗೆ ಒಪ್ಪಿಗೆಯಾಗುವುದೇ ಇಲ್ಲ. ಕೊಡುವುದಕ್ಕೆ ಮಕ್ಕಳೇನು ಅಪ್ಪನ ಸ್ವತ್ತಾ? ಆ ಚಿತ್ರಕ್ಕೆ ಬೆಳಕು ಬಿದ್ದಾಗ ಪಕ್ಕದಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡರು. ಅವರು ಈ ಕಥೆಯನ್ನು ಎಷ್ಟು ಸಲ ಕೇಳಿದ್ದಾರೋ ಏನೋ.

ಗಂಗಾರಾಮಯ ದೇವಸ್ಥಾನದ ಸುತ್ತ ಕಾಲಿಡಲೂ ಜಾಗವಿರಲಿಲ್ಲ. ಬೈರಾ ಕೆರೆಯ ಪಕ್ಕ ಸಾಲು ಸಾಲು ಗೂಡುದೀಪ. ಬಿದಿರು ಕಡ್ಡಿಗೆ ತೆಳು ಕಾಗದ ಅಂಟಿಸಿ ಮಾಡುವ ಎಂಟು ಮುಖದ ದೀಪವೇ ನನಗೆ ಎಲ್ಲಕ್ಕಿಂತ ಚೆಂದ. ಪ್ಲಾಸ್ಟಿಕ್ ದೀಪಗಳೂ ಜಾಸ್ತಿಯಾಗುತ್ತಿವೆ, ಬೇಜಾರು. ಕೆರೆ ನೀರಿನ ಮೇಲೆಯೇ ಈ ದೇವಸ್ಥಾನಕ್ಕೆ ಸೇರಿದ ಸೀಮಾ ಮಾಲಕ ಎಂಬ ಧ್ಯಾನ ಮಂದಿರ ಇದೆ. ಹಳೇ ಕಟ್ಟಡ ನಿಧಾನವಾಗಿ ನೀರಿಗೆ ಕುಸಿದ ಮೇಲೆ, 1970ರ ದಶಕದಲ್ಲಿ ಇಲ್ಲಿನ ವಾಸ್ತುಶಿಲ್ಪಿ ಜೆಫ್ರಿ ಬಾವಾ ಇದನ್ನು ಹೊಸದಾಗಿ ವಿನ್ಯಾಸ ಮಾಡಿದರು. ನೀಲಿ ಹೆಂಚು, ಮರದ ಕಂಬಿಗಳು, ಗಾಳಿ ಆಡುವ ಗೋಡೆ. ಕಟ್ಟಿಸಲು ಹಣ ಕೊಟ್ಟವರು ಮೂಸಾಜೀ ಎಂಬ ಮುಸ್ಲಿಂ ವ್ಯಾಪಾರಿ ಮತ್ತು ಅವರ ಹೆಂಡತಿ, ತೀರಿಹೋದ ಮಗನ ನೆನಪಿಗೆ. ಇಷ್ಟು ಜನ ಕೈಮುಗಿಯುವ ಜಾಗದಲ್ಲಿ ಈ ಮಾತನ್ನು ದೊಡ್ಡದಾಗಿ ಹೇಳಬೇಕು ಅನ್ನಿಸುತ್ತದೆ.

ಈ ಹಬ್ಬಕ್ಕೆ ರಜೆ ಸುಮ್ನೆ ಸಿಕ್ಕಿದ್ದಲ್ಲ. ಇಲ್ಲಿನ ಬೌದ್ಧರು ಹೋರಾಡಿ, 1885ರಲ್ಲಿ ಬ್ರಿಟಿಷರಿಂದ ಅದನ್ನು ಮತ್ತೆ ಪಡೆದರು. ಐದು ಬಣ್ಣದ ಬೌದ್ಧ ಬಾವುಟ ಮೊದಲು ಹಾರಿದ್ದೂ ಆ ವರ್ಷದ ವೆಸಕ್‌ಗೇ. ಆರು ವರ್ಷದ ನಂತರ ಇಲ್ಲಿನ ಬೌದ್ಧ ಮುಖಂಡ ಅನಾಗಾರಿಕ ಧರ್ಮಪಾಲರು ಇದೇ ಊರಿನಲ್ಲಿ ಮಹಾಬೋಧಿ ಸೊಸೈಟಿ ಎಂಬ ಬೌದ್ಧ ಸಂಸ್ಥೆ ಶುರು ಮಾಡಿದರು. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಗೂ ಆ ಹೆಸರೇ. ಅಲ್ಲಿಯೂ ಇವತ್ತು ಹಬ್ಬ.

ನಾಳೆ ಬೆಳಿಗ್ಗೆ ಕೆಲನಿಯಕ್ಕೆ ಹೊರಡಬೇಕು. ಅಲ್ಲಿನ ಬೌದ್ಧ ದೇವಸ್ಥಾನದ ಗೋಡೆಗಳ ಮೇಲೆ ಕಲಾವಿದ ಸೋಲಿಯಸ್ ಮೆಂಡಿಸ್ ಬರೆದ ಚಿತ್ರಗಳಿವೆ. ಜನ ಸೇರುವ ಮೊದಲೇ ಹೋದರೆ ನಿಂತು ನೋಡಬಹುದು.