ಕಾಲಯಂತ್ರ ಎಲ್ಲಿ ಇಳಿಯಬೇಕು

ಜನವರಿ 26, 2025, ಭಾನುವಾರ ರಾತ್ರಿ
ಹೊಸಪೇಟೆ

ಪುಟ್ಟು ಈಗಷ್ಟೇ ಹೊರಟ. ಹತ್ತೂಕಾಲಿನ ಬಸ್ಸು. ಮುಖ ಸಣ್ಣದು ಮಾಡಿಕೊಂಡೇ ಹೋದ. ಒಲೆಯ ಮೇಲೆ ಹಾಲಿತ್ತು, ನಾನು ಗೇಟಿನವರೆಗೂ ಹೋಗಲಿಲ್ಲ.

ಈ ಸಲ ಅವನು ಬಂದದ್ದೇ ಕಾದಂಬರಿ ಓದಿಸಲಿಕ್ಕೆ. ಎರಡು ವರ್ಷ ಆಫೀಸು ಮುಗಿಸಿ ರಾತ್ರಿ ಕೂತು ಬರೆದದ್ದು. ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ ತಂದಿದ್ದ. ನಿನ್ನೆ ಮಧ್ಯಾಹ್ನ ಹಿಡಿದವಳು ದೀಪ ಹಚ್ಚುವ ಹೊತ್ತಿಗೆ ಕೆಳಗಿಟ್ಟೆ. ಬೆಂಗಳೂರಿನ ಇಂಜಿನಿಯರ್ ಹುಡುಗಿಯೊಬ್ಬಳು 1565ರ ಜನವರಿಗೆ ಹೋಗುತ್ತಾಳೆ. ತಾಳಿಕೋಟೆ ಯುದ್ಧಕ್ಕೆ ಇನ್ನು ಮೂರೇ ದಿನ. ವಿಜಯನಗರವನ್ನು ಬೀಳಿಸಲೆಂದೇ ನೂರು ವರ್ಷದಿಂದ ಕಾದು ಕೂತ ಗುಪ್ತ ಕೂಟವೊಂದಿದೆ, ಅದರ ಕೈ ಇವತ್ತಿನ ಬೆಂಗಳೂರಿನವರೆಗೂ ಚಾಚಿದೆ. ಓಟ ಇದೆ, ಉಸಿರು ಕಟ್ಟಿಸುತ್ತೆ. ಅದನ್ನು ಅವನಿಗೆ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ, ನೇರ ತಕರಾರಿಗೇ ಇಳಿದೆ.

ಮೊದಲ ತಕರಾರು ಯಂತ್ರದ್ದು. ವರ್ಮ್‌ಹೋಲ್, ಅಂದರೆ ಆಕಾಶ-ಕಾಲದ ಎರಡು ಕಡೆಗಳನ್ನು ಕೂಡಿಸುವ ಸುರಂಗ, ಬಳಸಿ ಕಾಲದಲ್ಲಿ ಹಿಂದಕ್ಕೆ ಹೋಗಬಹುದೇನೋ ಅಂತ 1988ರಲ್ಲಿ ಭೌತವಿಜ್ಞಾನಿ ಕಿಪ್ ಥಾರ್ನ್ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದೇ ತೊಡಕು, ಅಂಥ ಯಂತ್ರ ತಯಾರಾದ ಗಳಿಗೆಗಿಂತ ಹಿಂದಕ್ಕೆ ಅದರಲ್ಲಿ ಹೋಗಲಾಗದು. ಹಾಗಾದರೆ 1565ಕ್ಕೆ ಹೋಗಬೇಕಾದರೆ ಆಗಲೇ ಅಲ್ಲೊಂದು ಯಂತ್ರ ಇರಬೇಕಲ್ಲ? ಪುಟ್ಟು ಅದನ್ನು ವಿಠ್ಠಲ ಗುಡಿಯ ಸಂಗೀತದ ಕಂಬಗಳೊಳಗೆ ಇಟ್ಟಿದ್ದಾನೆ. ಆಕಾಶದಿಂದ ಬಂದವರು ಕಡೆದ ಕಂಬಗಳಂತೆ.

ಬೇಡ ಕಣೋ ಅಂದೆ. ಆ ಕಂಬ ಕಡೆದವರು ಇಲ್ಲಿಯ ಕಲ್ಲುಕುಟಿಗರು. ಅವರ ಹೆಸರಂತೂ ಉಳಿದಿಲ್ಲ, ಕೆಲಸವನ್ನೂ ಇನ್ನೊಬ್ಬರ ಲೆಕ್ಕಕ್ಕೆ ಬರೆದುಬಿಟ್ಟರೆ ಅವರಿಗೆ ಉಳಿಯುವುದೇನು? ಹಂಪಿಯ ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತೆ. ರಾಯರ ಕಾಲದಲ್ಲಿ ಮನುಷ್ಯರು ಕಟ್ಟಿದ ಕಾಲುವೆ, ಆ ನೀರಲ್ಲೇ ಈ ವರ್ಷವೂ ಬಾಳೆ ಬೆಳೆದಿದ್ದಾರೆ. ನಿನ್ನ ಹುಡುಗಿ ಆ ಕಾಲುವೆಯ ದಂಡೆ ಹಿಡಿದು ನಡೆದೇ ಹೋಗಲಿ ಅಂದೆ. ಅದಕ್ಕೆ ಅವನು ನಕ್ಕ, ನೋಟ್ ಮಾಡಿಕೊಂಡ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಜಗಳ ಆದದ್ದು ಇಪ್ಪತ್ತೆರಡನೇ ಅಧ್ಯಾಯಕ್ಕೆ. ಯುದ್ಧದ ನಡುವೆ, ವಿಜಯನಗರದ ಪರ ಸೈನ್ಯ ನಡೆಸಿದ ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ಸರದಾರರು ತಿರುಗಿಬೀಳುತ್ತಾರೆ. ಅವರೇ ಆ ಗುಪ್ತ ಕೂಟದವರು.

"ಇದು ನಾನು ಕಟ್ಟಿದ್ದಲ್ಲ ಚಿಕ್ಕಮ್ಮ, ಗಿಲಾನಿ ಸೋದರರ ವಿಷಯ ಎಲ್ಲರಿಗೂ ಗೊತ್ತು" ಅಂದ.

"ಯಾರು ನೋಡಿದ್ದು?" ಅಂತ ಕೇಳಿದೆ.

ದ್ರೋಹದ ಮಾತು ಬರುವುದು ಸೀಸರ್ ಫ್ರೆಡರಿಕ್‌ನಲ್ಲಿ. ವೆನಿಸ್‌ನ ವ್ಯಾಪಾರಿ. ಒಬ್ಬೊಬ್ಬರ ಕೈಕೆಳಗೆ 70–80 ಸಾವಿರ ಜನ ಇದ್ದ ಇಬ್ಬರು ಸರದಾರರು ಕೈಕೊಟ್ಟರು ಅಂತ ಬರೆದಿದ್ದಾನೆ, ಅವರ ಹೆಸರು ಹೇಳಿಲ್ಲ. ಅವನು ವಿಜಯನಗರಕ್ಕೆ ಕಾಲಿಟ್ಟದ್ದು 1567ರಲ್ಲಿ, ಎಲ್ಲ ಮುಗಿದು ಎರಡು ವರ್ಷ ಆದಮೇಲೆ. ಒಂದು ತಿಂಗಳ ಕೆಲಸಕ್ಕೆ ಬಂದವನು ದಾರಿಯಲ್ಲಿ ಕಳ್ಳರ ಕಾಟ ಅಂತ ಏಳು ತಿಂಗಳು ಇಲ್ಲೇ ಸಿಕ್ಕಿಹಾಕಿಕೊಂಡ. ಮನೆಗಳು ನಿಂತೇ ಇವೆ, ಒಳಗೆ ಜನವಿಲ್ಲ, ಹುಲಿಗಳಿವೆಯಂತೆ ಅಂತ ಬರೆದ. ಬೇರೆ ಕಾಲಕ್ಕೆ ಬಂದು ಇಳಿದು ವಾಪಸು ಹೋಗಲಾಗದವನ ಹಾಗೆ ಕಾಣುತ್ತಾನೆ ನನಗೆ. ಅವನನ್ನು ಪಾತ್ರ ಮಾಡು ಅಂದೆ. ಖಾಲಿ ಬಜಾರಿನಲ್ಲಿ ಕೂತು, ಸೋತವರ ಬಾಯಿಂದ ಸೋಲಿಗೆ ಕಾರಣ ಕೇಳಿಸಿಕೊಳ್ಳುತ್ತಿರುವವನು.

ಆ ಕಾಲದ ಇತಿಹಾಸ ಬರೆದ ಫೆರಿಸ್ತಾ ಈ ದ್ರೋಹದ ಮಾತೇ ಎತ್ತುವುದಿಲ್ಲ. ಆನೆಯೊಂದು ನುಗ್ಗಿತು, ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ಮುದುಕ ರಾಮರಾಯ ಸಿಕ್ಕಿಬಿದ್ದ. ಅಷ್ಟೇ. ಅವನೂ ಬಿಜಾಪುರದ ಆಸ್ಥಾನದಲ್ಲಿ ಕೂತು, ಸುಮಾರು ನಲವತ್ತು ವರ್ಷದ ಮೇಲೆ ಬರೆದವನು. ದ್ರೋಹ ಆಯಿತು ಅಂತ ಒಪ್ಪುವ ಇತಿಹಾಸಕಾರರು ಇದ್ದಾರೆ, ಒಪ್ಪದವರೂ ಇದ್ದಾರೆ. ಯುದ್ಧ ಎಲ್ಲಿ ನಡೆಯಿತು ಅನ್ನುವುದಕ್ಕೇ ತಾಳಿಕೋಟೆ, ರಕ್ಕಸಗಿ-ತಂಗಡಗಿ, ಬನ್ನಿಹಟ್ಟಿ ಅಂತ ಮೂರು ಹೆಸರಿವೆ.

"ಗೊತ್ತಿಲ್ಲದ ಕಡೆಯೇ ಅಲ್ವಾ ಕಾದಂಬರಿ ಹುಟ್ಟೋದು? ಥ್ರಿಲ್ಲರ್‌ಗೆ ಒಬ್ಬ ದ್ರೋಹಿ ಬೇಕೇ ಬೇಕು" ಅಂದ ಪುಟ್ಟು. ಅವನ ಮಾತಲ್ಲಿ ತಪ್ಪಿಲ್ಲ.

ನಾನು ಆ ಹುಡುಗನ ವಿಷಯ ಹೇಳಿದೆ. ಎಂಟು-ಒಂಬತ್ತು ವರ್ಷದ ಹಿಂದೆ ಈ ಪಾಠ ಮಾಡುವಾಗ ನಾನೂ ಗಿಲಾನಿ ಸೋದರರ ಕಥೆಯನ್ನು ಕೈ ತಿರುಗಿಸಿ ರಸವತ್ತಾಗಿ ಹೇಳಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗನ ಕಡೆ ಇಡೀ ಕ್ಲಾಸು ತಿರುಗಿ ನೋಡಿತು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಎರಡನೇ ದೇವರಾಯನ ಕಾಲದಿಂದಲೂ ಈ ರಾಜ್ಯದ ಸೈನ್ಯದಲ್ಲಿ ಮುಸ್ಲಿಮರಿದ್ದರು, ಈ ನೆಲಕ್ಕಾಗಿ ಸತ್ತರು. ಅದನ್ನು ಆವತ್ತು ನಾನು ಹೇಳಲಿಲ್ಲ. ಬೆಲ್ ಹೊಡೆಯಿತು.

ಪುಟ್ಟು ಸುಮ್ಮನಾದ. ಆಮೇಲೆ "ಹಾಗಾದ್ರೆ ಇಡೀ ಪುಸ್ತಕ ಬಿಸಾಕಬೇಕು" ಅಂತ ಬ್ಯಾಗ್ ತುಂಬತೊಡಗಿದ. ಬಿಸಾಕು ಅಂತ ನಾನೆಲ್ಲಿ ಹೇಳಿದೆ?

ಚಪಾತಿ ಕಟ್ಟಿಕೊಟ್ಟಿದ್ದು ಟೇಬಲ್ ಮೇಲೇ ಇದೆ.

ಹೇಳಬೇಕೆಂದಿದ್ದು ಇನ್ನೂ ಇತ್ತು. ಪಿತೂರಿ ಬೇಕಾದರೆ ನಿಜವಾದದ್ದೇ ಇದೆ, ಬಚ್ಚಿಟ್ಟದ್ದೂ ಅಲ್ಲ. ಅದು ನಡೆದದ್ದು ಮದುವೆ ಮನೆಯಲ್ಲಿ. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟ. ಇಬ್ಬರೂ ಎಷ್ಟೋ ಕಾಲದಿಂದ ಕಿತ್ತಾಡುತ್ತಿದ್ದ ಸೊಲ್ಲಾಪುರದ ಕೋಟೆ ಬಳುವಳಿಗೆ ಹೋಯಿತು. ಅಲಿಯ ತಂಗಿ ಆ ಮನೆಗೆ ಸೊಸೆಯಾದಳು. ಬದ್ಧವೈರಿಗಳು ಬೀಗರಾಗಿ ವಿಜಯನಗರದ ವಿರುದ್ಧ ಒಂದಾದರು, ಮೇಲೆ ಗೋಲ್ಕೊಂಡವೂ ಸೇರಿತು. ಚಾಂದ್ ಬೀಬಿ ಆಗ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರ ವಯಸ್ಸಿನವಳು. ಮೂವತ್ತು ವರ್ಷದ ಮೇಲೆ ಮೊಘಲರೆದುರು ಅಹಮದ್‌ನಗರದ ಕೋಟೆ ಕಾದವಳು. ಅವಳ ಕಣ್ಣಿಂದ ಈ ಕಥೆಯನ್ನು ಯಾರಾದರೂ ನೋಡಿದ್ದಾರಾ?

ಅದಕ್ಕೂ ಹಿಂದಿನದು ಒಂದಿದೆ, ಫೆರಿಸ್ತಾ ಹೇಳುವುದು. ರಾಮರಾಯನ ಮಗ ಸತ್ತಾಗ ಇದೇ ಅಲಿ ಸಮಾಧಾನ ಹೇಳಲು ವಿಜಯನಗರಕ್ಕೇ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು. ಆದರೆ ಹೊರಡುವಾಗ ರಾಮರಾಯ ಊರಾಚೆಯವರೆಗೆ ಬಂದು ಕಳಿಸಿಕೊಡಲಿಲ್ಲ. ಅಲಿ ಅದನ್ನು ಮನಸ್ಸಲ್ಲಿಟ್ಟುಕೊಂಡ. ಪುಟ್ಟುವಿನ ಹುಡುಗಿ ಕೃಷ್ಣೆಯ ದಂಡೆಯಲ್ಲಿ ಕತ್ತಿಗಳ ನಡುವೆ ಓಡುವುದೇ ಬೇಡ. ಅವಳು ಆವತ್ತಿಗೆ ಹೋಗಿ, ಏಳು ತಾತ, ಹುಡುಗ ಹೊರಟಿದ್ದಾನೆ, ಬಾಗಿಲವರೆಗಾದರೂ ಬಾ ಅಂತ ಆ ಮುದುಕನ ಕೈ ಹಿಡಿದು

ಹನ್ನೊಂದೂವರೆ. ಬಸ್ಸು ಇನ್ನೂ ಕೂಡ್ಲಿಗಿ ದಾಟಿರಲಿಕ್ಕಿಲ್ಲ. ಎದ್ದೇ ಇರುತ್ತಾನೆ. ಫೋನ್ ಮಾಡಿ ಮದುವೆಯಿಂದಲೇ ಶುರು ಮಾಡು ಅಂತ ಹೇಳಲೋ, ಅಥವಾ ಮೊದಲು