ಹಳೆಯ ಊರಿಗೆ ಮನೆ ಸಾಮಾನು ಸಾಗಿಸುವಾಗ

ಹೊರಡುವ 24 ಗಂಟೆ ಮೊದಲೇ ಫ್ರಿಡ್ಜ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಒಣಗಿಸಿ. ಲಾರಿಯಲ್ಲಿ ಅದು ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಕೊಳವೆಗೆ ಹರಿಯುತ್ತದೆ. ಮಲಗಿಸಿಯೇ ತಂದಿದ್ದರೆ, ನಿಲ್ಲಿಸಿ ಒಂದು ದಿನ ಬಿಟ್ಟು ಸ್ವಿಚ್ ಹಾಕಿ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿಗೆ, ಕೊಂಡಾಗ ಜೊತೆಗೆ ಬಂದಿದ್ದ ಟ್ರಾನ್ಸಿಟ್ ಬೋಲ್ಟುಗಳನ್ನು (ಸಾಗಿಸುವಾಗ ಡ್ರಮ್ ಅಲುಗದಂತೆ ಹಿಡಿಯುವ ಬೋಲ್ಟುಗಳು) ಮತ್ತೆ ಬಿಗಿಯಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಡ್ರಮ್ ಕುಲುಕಿ ಒಳಗಿನ ಸ್ಪ್ರಿಂಗ್ ಹಾಳಾಗಬಹುದು. (ಆ ಬೋಲ್ಟುಗಳನ್ನು ಗುಜರಿಗೆ ಹಾಕಿದವರೇ ಹೆಚ್ಚು!)

ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆಯೇ ಸರಿ. ಭಾರ ಹೆಚ್ಚಾದರೆ ತಳ ಕಿತ್ತುಬರಬಹುದು. ಮಂಚದ ಸ್ಕ್ರೂಗಳನ್ನು ಕವರಿಗೆ ಹಾಕಿ ಅದೇ ಮಂಚದ ಪಟ್ಟಿಗೆ ಟೇಪ್ ಸುತ್ತಿ.

ಬಹುಕಾಲ ಬೀಗ ಹಾಕಿದ್ದ ಮನೆಯಾದರೆ, ನಲ್ಲಿಯ ತುದಿಯ ಜಾಲರಿ ಬಿಚ್ಚಿ ನೀರು ಬಿಡಿ. ತುಕ್ಕು ಸಿಕ್ಕಿಕೊಳ್ಳುವುದು ಅಲ್ಲೇ. ಬಚ್ಚಲಿನ ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಕೊಳವೆಯ ಬಾಗು) ನೀರು ಆರಿ ವಾಸನೆ ಬರುತ್ತಿದ್ದರೆ ಒಂದು ಬಕೆಟ್ ಸುರಿದರೆ ಸಾಕು.