ದೆವ್ವಗಳಿಗೆ ಸ್ಟೇಷನ್ ಬೇಲ್

2019ರ ನವೆಂಬರ್ ತಿಂಗಳ ಒಂದು ರಾತ್ರಿ, ಬೆಂಗಳೂರಿನ ಯಶವಂತಪುರ ಸಮೀಪದ ಷರೀಫ್ ನಗರದಲ್ಲಿ ರಕ್ತದ ಕಲೆಗಳಂತೆ ಕೆಂಪು ಬಳಿದ ಬಿಳಿ ನಿಲುವಂಗಿ ತೊಟ್ಟು, ದಾರಿಹೋಕರ ಮುಂದೆ ಧುತ್ತೆಂದು ಪ್ರತ್ಯಕ್ಷವಾಗುತ್ತಿದ್ದ ಏಳು ಮಂದಿ ಯುವಕರನ್ನು ಸೋಲದೇವನಹಳ್ಳಿ ಪೊಲೀಸರು ಬಂಧಿಸಿದ್ದು ಹಲವರಿಗೆ ನೆನಪಿರಬಹುದು. ಅವರು ತಮ್ಮ ಯೂಟ್ಯೂಬ್ ಚಾನೆಲ್‌ಗಾಗಿ ಪ್ರಾಂಕ್ ವಿಡಿಯೊ ಚಿತ್ರೀಕರಿಸುತ್ತಿದ್ದರು. ಹಾಕಿದ ಕಲಮುಗಳು ಜಾಮೀನು ಸಿಗುವಂಥವಾಗಿದ್ದರಿಂದ ಠಾಣೆಯಲ್ಲಿಯೇ ಬಿಡುಗಡೆಯಾಯಿತು. ದೆವ್ವಗಳಿಗೂ ಸ್ಟೇಷನ್ ಬೇಲ್ ಕೊಟ್ಟ ಊರು ನಮ್ಮದು ಎಂದು ಸುದ್ದಿ ಓದಿದ ದಿನ ನಾನೂ ನಕ್ಕಿದ್ದೆ.

ಆದರೆ ಪೊಲೀಸರ ಹೇಳಿಕೆಯಲ್ಲಿ ಇನ್ನೊಂದು ಮಾತಿತ್ತು. ಈ ಯುವಕರು ಜನರನ್ನು ಬಲವಂತವಾಗಿ ತಡೆದು ನಿಲ್ಲಿಸಿ, ರಸ್ತೆಯ ಮೇಲೆ ಮಲಗುವಂತೆ ಒತ್ತಾಯಿಸಿದ್ದರು ಎಂಬುದೇ ಆ ಆರೋಪ. ವೇಷ ಹಾಕುವುದು ಅಪರಾಧವಲ್ಲ. ಹೋಗುವವನ ದಾರಿಗೆ ಅಡ್ಡ ನಿಲ್ಲುವುದು ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 341ನೆಯ ಕಲಮಿನಲ್ಲಿ ಇದಕ್ಕೆ ಒಂದು ತಿಂಗಳವರೆಗಿನ ಸಾದಾ ಸೆರೆವಾಸ ಅಥವಾ 500 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಇದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಮು ಸೆರೆವಾಸವನ್ನು ಹಾಗೆಯೇ ಉಳಿಸಿ, ದಂಡದ ಮಿತಿಯನ್ನು 5,000ಕ್ಕೆ ಏರಿಸಿದೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವ ಇದಕ್ಕಿಂತ ಸಭ್ಯವಾಗಿತ್ತೆಂದು ಎಷ್ಟೋ ಸಲ ಅನ್ನಿಸುತ್ತದೆ. ಬರಹವನ್ನು ಓದಿ ಅದು ಹಿಂದಿರುಗಿಬಿಡುತ್ತಿತ್ತು, ಬೇಡವೆನ್ನುವ ಅವಕಾಶವನ್ನು ಮನೆಯವರಿಗೆ ಬಿಟ್ಟಿತ್ತು. ಪ್ರಾಂಕ್ ಮಾಡುವವರು ಒಪ್ಪಿಗೆ ಕೇಳುವುದಾದರೂ ಕೇಳುವುದು ಎಲ್ಲ ಮುಗಿದ ಮೇಲೆ, ನಡುಗುತ್ತಿರುವವನಿಗೆ ಕ್ಯಾಮೆರಾ ಇರುವ ಕಡೆ ಕೈ ತೋರಿಸುತ್ತಾ. ಆಗ ಅವನು ನಗುವುದು ನಿರಾಳವಾದದ್ದಕ್ಕೋ, ನಾಲ್ಕು ಜನರೆದುರು ಮುಜುಗರವಾದದ್ದಕ್ಕೋ ಬಲ್ಲವರಾರು? 'ಕೊನೆಗೆ ಅವರೂ ನಕ್ಕರಲ್ಲ' ಎಂಬ ಸಮರ್ಥನೆಯೆಲ್ಲ ನಿಂತಿರುವುದು ಆ ನಗುವಿನ ಮೇಲೆ. ನಗದೆ ಹೋದವರನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿದರಾಯಿತು.

ಲಂಡನ್ನಿನ ಟ್ರೋಲ್‌ಸ್ಟೇಷನ್ ಎಂಬ ಯೂಟ್ಯೂಬ್ ಪ್ರಾಂಕ್ ತಂಡಕ್ಕೆ ಈ ಸಮರ್ಥನೆ ಕೈಕೊಟ್ಟಿತು. 2015ರ ಜುಲೈನಲ್ಲಿ ಅವರು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯೊಳಗೆ ಚಿತ್ರಗಳನ್ನು ದೋಚುವವರಂತೆ ನಟಿಸಿದರು. ಅವರ ಕೈಯಲ್ಲಿದ್ದದ್ದು ನಕಲಿ ಚಿತ್ರಗಳೇ. ಆದರೆ ಬಾಗಿಲಿನತ್ತ ನುಗ್ಗಿದ ಜನರ ದಿಗಿಲು ಅಸಲಿಯಾಗಿತ್ತು. ಮರುವರ್ಷ ನ್ಯಾಯಾಲಯ ನಾಲ್ವರನ್ನು 16ರಿಂದ 20 ವಾರಗಳವರೆಗೆ ಸೆರೆಮನೆಗೆ ಕಳುಹಿಸಿತು. ನಮ್ಮಲ್ಲಿಯೂ 2025ರಲ್ಲಿ ಕಲಬುರಗಿಯ ಹುಮನಾಬಾದ್ ರಿಂಗ್ ರಸ್ತೆಯಲ್ಲಿ ಕೃತಕ ರಕ್ತ ಸುರಿದುಕೊಂಡು ಕೊಲೆಯ ರೀಲ್ಸ್ ಮಾಡಿದ ಇಬ್ಬರ ಮೇಲೆ ಪ್ರಕರಣ ದಾಖಲಾಯಿತು. ಅವರು ಯಾರ ದಾರಿಯನ್ನೂ ತಡೆದಿರಲಿಲ್ಲ ಎಂದು ವಾದಿಸಬಹುದು. ಆದರೆ ಆ ದೃಶ್ಯವನ್ನು ನಿಜವೆಂದು ನಂಬಿದವರ ಪಾಲಿಗೆ ಅದೊಂದು ಕೊಲೆಯೇ ಆಗಿತ್ತು.

ಇನ್ನು, ನಿಯಮ ಗೊತ್ತಿರಲಿಲ್ಲವೆಂಬ ಮಾತು. ತಮಗೆ ಗಂಭೀರ ದೈಹಿಕ ಅಪಾಯ ಬಂದೊದಗಿದೆ ಎಂದು ಎದುರಿನವರು ನಂಬುವಂತೆ ಮಾಡುವ ಪ್ರಾಂಕ್‌ಗಳಿಗೆ ತನ್ನಲ್ಲಿ ಜಾಗವಿಲ್ಲವೆಂದು ಯೂಟ್ಯೂಬ್ ಸ್ಪಷ್ಟಪಡಿಸಿದ್ದು 2019ರ ಜನವರಿಯಲ್ಲಿ. ಷರೀಫ್ ನಗರದ ದೆವ್ವಗಳು ಬೀದಿಗಿಳಿದದ್ದು ಅದಾಗಿ ಹತ್ತು ತಿಂಗಳಿಗೆ.